ಬೆಳ್ಳಕ್ಕಿ ಕಣ್ಣಿನ ಸೀಸ

ನಾನು ನಿಂತಿದ್ದದ್ದು ಹಂಚಿನ ಕಾರ್ಖಾನೆಯ ಅಂಗಳದಲ್ಲಿ, ಹಸಿ ಹಂಚು ಒಣಗಿಸುವ ಚಪ್ಪರದ ಮೂರನೆಯ ಕಂಬದ ಬಲಕ್ಕೆ. ಎದುರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಕರಿಕಲ್ಲಿನ ದಿಮ್ಮಿ, ಅದರ ಮೇಲೆ ಒಂದು ಕಬ್ಬಿಣದ ಅಚ್ಚು. 1966ನೆಯ ಇಸವಿ, ಏಪ್ರಿಲ್ ತಿಂಗಳು, ಶನಿವಾರ. ಬೆಳಗಿನ ಹತ್ತೂವರೆ ದಾಟಿತ್ತು. ಕುಂದಾಪುರ ಪೇಟೆಯಿಂದ ನಾನು ಬಂದ ದೋಣಿಯನ್ನು ಕಾರ್ಖಾನೆಯ ಹೊಳೆಬದಿಗೆ ಕಟ್ಟಿದ್ದರು. ಕಮ್ಮಾರ ಸುತ್ತಿಗೆ ಎತ್ತಿದಾಗ ಬಿಸಿಲು ಅವನ ಬೆನ್ನಿಗಿತ್ತು, ನನ್ನ ಮುಖಕ್ಕಿತ್ತು. ಆದರೂ ನಾನು ಕಂಡದ್ದನ್ನು ಸ್ಪಷ್ಟವಾಗಿಯೇ ಕಂಡೆ. ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಆ ಅಚ್ಚು ಆ ಕಲ್ಲಿನ ಮೇಲೆ ಹೇಗೆ ಬಂತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಅದಕ್ಕೆ ಆರು ವರ್ಷ ಹಿಂದೆ, ವ್ಯಾಪಾರದ ಗುರುತುಗಳ ಬಗ್ಗೆ ಹೊಸ ಕಾನೂನು ಆಗಷ್ಟೇ ಜಾರಿಗೆ ಬಂದಿದ್ದಾಗ, ಈ ಕಾರ್ಖಾನೆಯ ಹಳೆಯ ಧಣಿ ನನಗೆ ಹೇಳಿಕಳಿಸಿದರು. ನಾನು ಕುಂದಾಪುರದಲ್ಲಿ ಗೇಣಿ, ಗಡಿ, ತೆಂಗಿನ ಮರದ ತಕರಾರುಗಳನ್ನು ನಡೆಸುತ್ತಿದ್ದ ವಕೀಲ. ಮಾರ್ಕಿನ ಕೆಲಸ ನನಗಾಗಲಿ, ನನ್ನ ಸುತ್ತಲಿನ ವಕೀಲರಿಗಾಗಲಿ ಗೊತ್ತಿರಲಿಲ್ಲ. ಕಾನೂನಿನ ಪುಸ್ತಕವನ್ನು ಮದ್ರಾಸಿನಿಂದ ತರಿಸಿ, ಪೆನ್ಸಿಲಿನಲ್ಲಿ ಗೀಟು ಹಾಕಿ ಎರಡು ಸಲ ಓದಿದೆ. ಈ ಊರಿನಲ್ಲಿ ಇಂಥ ಕೆಲಸ ಮಾಡುವ ಮೊದಲ ವಕೀಲ ನಾನೇ ಎಂಬ ಹೆಮ್ಮೆ ಆಗಲೇ ಸೇರಿಕೊಂಡಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದೆಲ್ಲ ಅದರಿಂದಲೇ ಆಯಿತು.

ಕಾರ್ಖಾನೆಯ ಗುರುತು ಒಂದು ಬೆಳ್ಳಕ್ಕಿ. ಪ್ರತಿ ಹಂಚಿನ ಒಳಮೈಯಲ್ಲಿ, ಮನೆಯೊಳಗೆ ಮಲಗಿ ಮೇಲೆ ನೋಡಿದರೆ ಕಾಣುವ ಕಡೆ, ಒಂಟಿ ಕಾಲಿನ ಬೆಳ್ಳಕ್ಕಿ ಇರುತ್ತಿತ್ತು. ಅಚ್ಚಿನಲ್ಲಿ ಅದರ ಕಣ್ಣು ಒಂದು ಸಣ್ಣ ಗುಳಿ. ಮಣ್ಣನ್ನು ಒತ್ತಿದಾಗ ಹಂಚಿನ ಮೇಲೆ ಆ ಗುಳಿ ಕಾಳಿನಂತೆ ಉಬ್ಬಿ ಬರುತ್ತಿತ್ತು. ಅಚ್ಚು ಹಳತಾದರೆ ಧಣಿ ಅದನ್ನು ಒಡೆಸಿ ಕರಗಿಸುತ್ತಿದ್ದರು.

ನೋಂದಣಿಯ ಅರ್ಜಿಗೆ ಒಂದು ಪ್ರಮಾಣಪತ್ರ ಬೇಕಿತ್ತು. ಧಣಿಗೆ ಆಗಲೇ ಉಬ್ಬಸ. ಒರಗುಕುರ್ಚಿಯಲ್ಲಿ ಕುಳಿತಿದ್ದರು. ನಾನು ಪುಸ್ತಕದಲ್ಲಿದ್ದ ಪ್ರಶ್ನೆಯನ್ನು ಹಾಗೆಯೇ ಕೇಳಿದೆ: "ಈ ಮಾರ್ಕನ್ನು ನಿಮ್ಮ ಒಪ್ಪಿಗೆಯಿಂದ ಬೇರೆ ಯಾರಾದರೂ ಬಳಸುತ್ತಿದ್ದಾರೆಯೇ?"

"ಯಾರೂ ಇಲ್ಲೆ," ಎಂದರು. ಸ್ವಲ್ಪ ಉಸಿರು ತೆಗೆದುಕೊಂಡು, "ಸೀಸ ಹಾಕಿ ಕೊಟ್ಟದ್ದ್ ಒಂದ್ ಬಿಟ್ರೆ," ಎಂದರು.

"ಅದೇನು?"

"ನಮ್ಮ ಅಚ್ಚಿನ್ ಮೇಸ್ತ್ರಿ ಮುವತ್ತ್ ವರ್ಷ ಇಲ್ಲ್ ಗೆಯ್ದ. ಹೋಪತಿಗೆ ಕೈಯಲ್ ಎಂತ ಕೊಡುದ್? ಒಂದ್ ಹಳೆ ಅಚ್ಚ್ ಕೊಟ್ಟೆ. ಬೈಂದೂರ್ ಬದಿಯಂಗೆ ಸಣ್ಣ ಗೂಡ್ ಮಾಡ್ಕಂಡ್ ಅವ್ನಷ್ಟಕ್ಕ್ ಇತ್ತ. ನಮ್ಮ ಹಂಚ್ ಅಂದೇಳಿ ಜನ ಮೋಸ ಹೋಪುಕಾಗ ಕಾಣಿ, ಹಾಂಗಾಯಿ ಹಕ್ಕಿ ಕಣ್ಣಿನ ಗುಳಿಗೆ ಸೀಸ ಎರ್ಸಿ ಕೊಟ್ಟದ್ದ್. ಅವ್ನ ಹಕ್ಕಿಗೆ ಕಣ್ಣಿಲ್ಲೆ. ಹಂಚ್ ಹೊದ್ಸುವ ಆಚಾರಿಗಳಿಗೆಲ್ಲ ಗೊತ್ತಿತ್ತ್."

ನಾನು ಅದನ್ನು ಕೇಳಿಸಿಕೊಂಡೆ, ಬರೆದುಕೊಳ್ಳಲಿಲ್ಲ. ಕಾನೂನಿನ ಪ್ರಕಾರ ಅದು ಒಪ್ಪಿಗೆಯ ಬಳಕೆ. ಬರೆದರೆ ಇನ್ನೊಂದು ಕಾಗದ, ಇನ್ನೊಂದು ವಿವರಣೆ, ಕಚೇರಿಯಿಂದ ಇನ್ನೊಂದು ಪ್ರಶ್ನೆ. ನನ್ನ ಮೊದಲ ಅರ್ಜಿ ತಕರಾರಿಲ್ಲದೆ ಹೋಗಬೇಕಿತ್ತು. 'ಬೇರೆ ಯಾರೂ ಎಂದೂ ಬಳಸಿಲ್ಲ' ಎಂದು ಬರೆದು, ಓದಿ ಹೇಳಿದೆ. ಧಣಿ ಕೇಳಿಸಿಕೊಂಡರೋ ಇಲ್ಲವೋ, ಸಹಿ ಹಾಕಿದರು. ಮಾರ್ಕು ನೋಂದಣಿಯಾಗಿ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಮುಂಬಯಿಯಲ್ಲಿದ್ದ ಮಗ ಬಂದು ಕಾರ್ಖಾನೆ ವಹಿಸಿಕೊಂಡರು. ಎಲ್ಲರೂ ಸಣ್ಣ ಧಣಿ ಎನ್ನುತ್ತಿದ್ದರು. ಕೆಟ್ಟವರಲ್ಲ, ಚುರುಕಿನವರು. 1965ರ ಕೊನೆಗೆ ಒಂದು ದಿನ ಅವರು ನನ್ನ ಕಚೇರಿಯ ಮೇಜಿನ ಮೇಲೆ ಒಂದು ಹಂಚನ್ನು ಇಟ್ಟರು. "ಬಿಜೂರಲ್ಲಿ ಒಂದ್ ಹೊಸ ಮನೆಗೆ ಹೊದ್ಸಿದ್ದ್. ನಮ್ಮ ಹಕ್ಕಿ, ನಮ್ಮ ಹಂಚಲ್ಲ. ಮುಂಬೈಯಲ್ಲಾದ್ರೆ ಇಷ್ಟೊತ್ತಿಗೆ ಕೇಸ್ ಬಿದ್ದಿರ್ತಿತ್ತ್, ವಕೀಲ್ರೆ."

ಹಂಚನ್ನು ಕೈಗೆತ್ತಿಕೊಂಡೆ. ಬೆಳ್ಳಕ್ಕಿಗೆ ಕಣ್ಣಿರಲಿಲ್ಲ. ಆ ಕ್ಷಣದಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಪ್ರಮಾಣಪತ್ರ ಸುಳ್ಳೆಂದು ಒಪ್ಪಬೇಕಿತ್ತು, ಅದನ್ನು ಬರೆದವನು ನಾನು. "ನೋಡೋಣ," ಎಂದೆ.

ಇಂಥ ದಾವೆಯಲ್ಲಿ ಮೊದಲ ಕೆಲಸ ಸಾಕ್ಷಿಗಾಗಿ ಖರೀದಿ. ನನ್ನ ಗುಮಾಸ್ತನನ್ನು ಒಬ್ಬ ಬಡಗಿಯ ಜೊತೆ ಬೈಂದೂರಿನ ಬಳಿ ಯಡ್ತರೆಯ ಆಚೆಗಿದ್ದ, ಮೇಸ್ತ್ರಿ ಹಂಚು ಸುಡುವ ಗೂಡಿಗೆ ಕಳಿಸಿದೆ. ಸಾಮಾನ್ಯ ಗಿರಾಕಿಗಳಂತೆ ಹೋಗಿ, ಹಂಚು ಕೊಂಡು, ಕೈಚೀಟಿ ಬರೆಸಿಕೊಂಡು ಬರಬೇಕು. ಮರಳಿ ಬಂದ ಗುಮಾಸ್ತ ಹುಲ್ಲು ಸುತ್ತಿದ ಹಂಚುಗಳನ್ನು ಜಗಲಿಯಲ್ಲಿ ಇಳಿಸಿ, "ಮೇಸ್ತ್ರಿ ನಮ್ಗೆ ಬೆಲ್ಲ ನೀರ್ ಕೊಟ್ರ್," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಇದಕ್ಕ್ ಕಣ್ಣಿಲ್ಲೆ ಅಲ್ದಾ? ಅದೆಂತಕ್ಕೆ ಅಂದೇಳಿ ಬಡಗಿ ಬಸ್ಸಲ್ಲ್ ಹೇಳ್ದ," ಎಂದ.

"ಅದು ನಿನ್ನ ಕೆಲಸವಲ್ಲ," ಎಂದೆ.

ದಾವೆಯ ಜೊತೆ ಎರಡು ಮಾರ್ಕುಗಳನ್ನು ಹೋಲಿಸಿ ತೋರಿಸುವ ಹಾಳೆ ಬೇಕು. ಹಂಚಿನ ಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ತೆಳು ಕಾಗದ ಇಟ್ಟು ಉಜ್ಜಿ ಪ್ರತಿ ತೆಗೆದೆವು. ಮೇಸ್ತ್ರಿಯ ಹಂಚಿನಿಂದ ಮೂರು ಪ್ರತಿ ತೆಗೆದೆವು. ಎರಡರಲ್ಲಿ ಹಕ್ಕಿಯ ತಲೆ ಸ್ಪಷ್ಟವಾಗಿತ್ತು, ಕಣ್ಣಿಲ್ಲದ್ದು ಕಾಣುತ್ತಿತ್ತು. ಮೂರನೆಯದರಲ್ಲಿ ಮಸಿ ಹೆಚ್ಚಾಗಿ ತಲೆಯೇ ಕಪ್ಪಾಗಿತ್ತು. ಕಡತಕ್ಕೆ ನಾನು ಹಾಕಿದ್ದು ಆ ಮೂರನೆಯದನ್ನು. ಉಳಿದೆರಡನ್ನು ಒಲೆಗೆ ಹಾಕಿದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಇಂಥ ದಾವೆಯನ್ನು ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬೇಕಾದ್ದರಿಂದ ಮಂಗಳೂರಿಗೆ ಹೋದೆ. ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಗೂಡಿಗೆ ಹೋಗಿ ಇದ್ದದ್ದನ್ನು ಪಟ್ಟಿಮಾಡಿ ಅಚ್ಚನ್ನು ವಶಕ್ಕೆ ತರಲು ನ್ಯಾಯಾಲಯ ಒಬ್ಬ ಯುವ ವಕೀಲರನ್ನು ಕಮಿಷನರಾಗಿ ನೇಮಿಸಿತು. ಫೆಬ್ರವರಿಯಲ್ಲಿ ನಾವು ಮೂವರು, ಕಮಿಷನರು, ಗುಮಾಸ್ತ ಮತ್ತು ನಾನು, ಬೈಂದೂರಿನ ಬಸ್ಸಿಳಿದು ಗದ್ದೆಯಂಚಿನಲ್ಲಿ ನಡೆದು ಹೋದೆವು.

ಗೂಡೆಂದರೆ ಒಂದು ಸೋಗೆ ಚಪ್ಪರ, ಒಂದು ಕೈ ಪ್ರೆಸ್ಸು, ಮಣ್ಣು ಹದಮಾಡುವ ಹೊಂಡ. ಹೊಂಡದಲ್ಲಿ ಮೇಸ್ತ್ರಿಯ ತಂಗಿ ಮಣ್ಣು ತುಳಿಯುತ್ತಿದ್ದಳು. ಕಮಿಷನರು ನೇರ ಅತ್ತ ನಡೆದರು.

"ಹ್ವಾಯ್, ಅಲ್ಲ್ ಕಾಲ್ ಹಾಕ್ಬೇಡಿ! ಬೂಟ್ಸ್ ನಮ್ಗ್ ಬಿಟ್ಟಿಕ್ ಹೋಯ್ಕಾತ್ತ್!" ಎಂದಳು. ಅಷ್ಟರಲ್ಲಿ ಒಂದು ಬೂಟು ಹೂತುಹೋಗಿತ್ತು.

ಮೇಸ್ತ್ರಿ ಕೈ ಕೊಟ್ಟು ಎಳೆದ. ಅರವತ್ತರ ಆಚೆಈಚೆಯ ಒಣಕಲು ಮನುಷ್ಯ. "ಅಡ್ಡಿಲ್ಲೆ ಸ್ವಾಮಿ, ನಮ್ಮ ಮಣ್ಣ್ ಬೇಗ ಬಿಡುದಿಲ್ಲೆ. ಅದ್ಕೇ ನಮ್ಮ ಹಂಚ್ ಸೋರುದಿಲ್ಲೆ," ಎಂದ. ಕಮಿಷನರು ನಕ್ಕರು. ನನಗೂ ನಗು ಬಂತು. ಆಜ್ಞೆಯನ್ನು ಓದಿ ಹೇಳಿದ ಮೇಲೆ ಯಾರೂ ನಗಲಿಲ್ಲ.

ಮೇಸ್ತ್ರಿಗೆ ಅರ್ಥವಾದದ್ದು ಒಂದೇ ಮಾತು. "ನಾನ್ ಕದ್ದದ್ದಾ?"

"ಕದ್ದದ್ದೆಂದು ಬರೆದಿಲ್ಲ. ಅನುಮತಿ ಇಲ್ಲದೆ ಬಳಸಿದ್ದು ಎಂದಿದೆ," ಎಂದೆ.

"ಅದ್ ಬ್ಯಾರೆಯಾ?" ಎಂದ. ಅಚ್ಚನ್ನು ಪ್ರೆಸ್ಸಿನಿಂದ ಬಿಚ್ಚಿ ತಂದು, ಗೋಣಿಯ ಮೇಲೆ ಇಟ್ಟು, ತಾನೇ ಬಟ್ಟೆಯಿಂದ ಮಣ್ಣು ಒರೆಸಿದ. ಕಿರುಬೆರಳನ್ನು ಹಕ್ಕಿಯ ತಲೆಯ ಮೇಲೆ ಇಟ್ಟ. "ಇಲ್ಲ್ ಕಾಣಿ ಸ್ವಾಮಿ. ಇದ್ ಸೀಸ. ಹಳೆ ಧಣಿಯರ್ ಎದ್ರಿಗ್ ನಿಂತ್ ಎರ್ಸಿದ್ದ್. ಎರ್ಸಿ ನನ್ನ ಕೈಯಂಗ್ ಕೊಟ್ಟದ್ದ್."

ಕಪ್ಪು ಕಬ್ಬಿಣದ ನಡುವೆ ಬೂದು ಬಣ್ಣದ ಚುಕ್ಕೆ. ಕಮಿಷನರು ಬಗ್ಗಿ ನೋಡಿದರು. ಕಾಗದ ತೊಡೆಯ ಮೇಲಿತ್ತು, ಲೇಖನಿ ಕೈಯಲ್ಲಿತ್ತು. ಅವರು ನನ್ನನ್ನು ಕೇಳಿದರು, "ಇದನ್ನು ಬರೆಯಬೇಕೇ?"

ನಾನು ಹೇಳಿದ್ದು ಹೀಗೆ: "ಅಚ್ಚು ಯಾರು ಕೊಟ್ಟರು ಎನ್ನುವುದು ವಾದ. ಅವರು ಅದನ್ನು ನ್ಯಾಯಾಲಯದಲ್ಲಿ ಹೇಳಿಕೊಳ್ಳಲಿ. ನಿಮ್ಮ ಕೆಲಸ ಇದ್ದ ವಸ್ತುವಿನ ಪಟ್ಟಿ."

ಮಾತು ಅರ್ಧ ಸರಿ. ಯಾರು ಕೊಟ್ಟರು ಎನ್ನುವುದು ವಾದವೇ. ಆದರೆ ಸೀಸ ವಾದವಲ್ಲ, ಅದು ಇದ್ದ ವಸ್ತು. ಹೊಸಬರಾದ ಕಮಿಷನರು ಹಿರಿಯನ ಮಾತನ್ನು ನಂಬಿ, 'ಹಕ್ಕಿಯ ಗುರುತುಳ್ಳ ಕಬ್ಬಿಣದ ಅಚ್ಚು, ಒಂದು' ಎಂದು ಬರೆದರು. ಅಚ್ಚನ್ನು ಗೋಣಿಯಲ್ಲಿ ಹೊಲಿದು ಅರಗಿನ ಮೊಹರು ಹಾಕಿದೆವು. ಪಟ್ಟಿಯ ಕೆಳಗೆ ಮೇಸ್ತ್ರಿ ಹೆಬ್ಬೆಟ್ಟು ಒತ್ತಿದ. ಹೊರಡುವಾಗ ಅವನ ತಂಗಿ ಕಮಿಷನರ ಬೂಟನ್ನು ತೊಳೆದು ತಂದಿಟ್ಟಳು.

ಮೇಸ್ತ್ರಿಗೆ ಮಂಗಳೂರಿನಲ್ಲಿ ವಕೀಲರ ಪರಿಚಯವಿರಲಿಲ್ಲ. ಒಂದು ವಾಯಿದೆಗೆಂದರೆ ಹೊಳೆಗಳನ್ನು ದಾಟಿ, ಬಸ್ಸು ಬದಲಿಸಿ ಹೋಗಬೇಕು, ಗೂಡಿನ ಬೆಂಕಿ ಆರಬೇಕು. ಎರಡು ವಾಯಿದೆ ಕಳೆದ ಮೇಲೆ ಅವನು ನನ್ನ ಕಚೇರಿಗೇ ಬಂದ. ಅವನು ಮಾತಾಡಿಸಿ ಗೊತ್ತಿದ್ದ ವಕೀಲನೆಂದರೆ ನಾನೊಬ್ಬನೇ. ಎದುರು ಪಕ್ಷದವನಿಗೆ ನಾನು ಸಲಹೆ ಕೊಡಬಾರದು, ಬೇರೆ ವಕೀಲರ ಬಳಿ ಕಳಿಸಬೇಕು. ನಾನು ಕುರ್ಚಿ ತೋರಿಸಿದೆ. ಅವನು ಕುಳಿತುಕೊಳ್ಳಲಿಲ್ಲ.

"ಸಣ್ಣ ಧಣಿಯರ್ ಹತ್ರ ಒಂದ್ ಮಾತ್ ಆಡುವ," ಎಂದ.

ಮರುದಿನ ಅವರನ್ನೂ ಕರೆಸಿದೆ. ಮೇಸ್ತ್ರಿ ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಮೂವತ್ತು ವರ್ಷ, ಸೀಸ, ಕೊಟ್ಟ ಕೈ. ಅಚ್ಚು ಮೊಹರು ಹಾಕಿದ ಗೋಣಿಯೊಳಗಿತ್ತು, ಸೀಸ ಎರೆದ ಹಳೆಯ ಕಮ್ಮಾರ ಸತ್ತಿದ್ದ. ಕಾರ್ಖಾನೆಯ ಹಳಬರಲ್ಲಿ ಗೊತ್ತಿದ್ದವರು ಇದ್ದರು, ಆದರೆ ಹೊಸ ಧಣಿಯೆದುರು ಕೇಳದೆ ಬಾಯಿಬಿಡುವವರಲ್ಲ.

ಸಣ್ಣ ಧಣಿ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ವಕೀಲ್ರೆ, ಅಪ್ಪಯ್ಯನ ಕಾಗ್ದ ಮಾಡ್ದೋರ್ ನೀವ್. ಅವ್ರ್ ಹೀಂಗೆಂತಾರೂ ನಿಮ್ಮತ್ರ ಹೇಳಿದ್ರಾ? ಹೇಳಿದ್ರ್ ಅಂತಾದ್ರೆ ನಂಗ್ ಈ ಕೇಸ್ ಬ್ಯಾಡ. ಅಪ್ಪಯ್ಯ ಕೊಟ್ಟದ್ದನ್ನ ನಾನ್ ಕಸ್ಕಂಬುಕಿಲ್ಲೆ."

ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಿದ್ದ. ಬಾಗಿಲಿನ ಪಕ್ಕ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದ.

"ಕಡತದಲ್ಲಿ ಹಾಗೇನೂ ಇಲ್ಲ," ಎಂದೆ.

ಕಡತದಲ್ಲಿ ಇರಲಿಲ್ಲ, ನಿಜ. ಸಣ್ಣ ಧಣಿ ತಲೆಯಾಡಿಸಿದರು. ಆ ಬೆಳಿಗ್ಗೆಯಿಂದ ಮುಂದೆ ಎಲ್ಲವೂ ಸುಲಭವಾಗಿ ನಡೆಯಿತು. ರಾಜಿ ಅರ್ಜಿಯನ್ನು ನಾನೇ ಬರೆದೆ. ಮೇಸ್ತ್ರಿ ಇನ್ನು ಆ ಮಾರ್ಕನ್ನು ಬಳಸಬಾರದು, ಖರ್ಚು ಕೇಳುವುದಿಲ್ಲ, ಅಚ್ಚನ್ನು ಅವನ ಸಮಕ್ಷಮ ಒಡೆಯತಕ್ಕದ್ದು. ಓದಿ ಹೇಳಿದಾಗ ಅವನು ಒಂದು ಕಡೆ ತಡೆದ.

"'ಅನುಮತಿಯಿಲ್ಲದೆ' ಅಂಬುದನ್ನ ತೆಗ್ದ್ ಬಿಡಿ. ಅಚ್ಚ್ ಒಡ್ದ್ ಹಾಕಿ, ಅಡ್ಡಿಲ್ಲೆ. ಅದೊಂದ್ ಬ್ಯಾಡ."

"ಅದು ಕೋರ್ಟಿನ ಭಾಷೆ, ಮೇಸ್ತ್ರಿ. ಎಲ್ಲ ರಾಜಿಯಲ್ಲೂ ಬರುತ್ತದೆ. ಯಾರೂ ಓದುವುದಿಲ್ಲ," ಎಂದೆ.

ಅವನು ಹೆಬ್ಬೆಟ್ಟು ಒತ್ತಿದ. ಬೆರಳಿಗೆ ಹತ್ತಿದ ಮಸಿಯನ್ನು ನನ್ನ ಮೇಜಿಗಾಗಲಿ ಗೋಡೆಗಾಗಲಿ ಒರೆಸದೆ ಹಾಗೆಯೇ ಹಿಡಿದುಕೊಂಡು ಹೊರಗೆ ಹೋದ.

ಅರ್ಜಿಯನ್ನು ನ್ಯಾಯಾಲಯಕ್ಕೆ ಕೊಡುವ ವಾಯಿದೆ ಮುಂದಿನ ವಾರಕ್ಕಿತ್ತು. ಅದಕ್ಕೆ ಮೊದಲೇ ಅಚ್ಚನ್ನು ಒಡೆಯಲು ಕಮಿಷನರ ಒಪ್ಪಿಗೆ ಪತ್ರ ತರಿಸಿದೆ. ಆತುರ ನನ್ನದು. ಹೀಗೆ ಆ ಶನಿವಾರ ಬಂತು.

ಮೇಸ್ತ್ರಿಯ ಜೊತೆ ಅವನ ತಂಗಿ ಬಂದಿದ್ದಳು. "ನೀ ಎಂತಕ್ಕೆ?" ಎಂದು ಯಾರೋ ಕೇಳಿದ್ದಕ್ಕೆ, "ಅಣ್ಣಯ್ಯನ್ನ ಒಬ್ನೇ ಕಳ್ಸುಕಾತ್ತಾ?" ಎಂದಳು. ಅವಳು ನನ್ನ ಎಡಕ್ಕೆ, ಕಂಬಕ್ಕೆ ಒರಗಿ ನಿಂತಳು. ಗುಮಾಸ್ತ ನನ್ನ ಹಿಂದೆ ಕೊಡೆ ಹಿಡಿದು ನಿಂತಿದ್ದ. ಸಣ್ಣ ಧಣಿ ಕಲ್ಲಿನ ಆಚೆ. ಮೇಸ್ತ್ರಿ ಹೊಳೆಯ ಕಡೆ ಮುಖ ಮಾಡಿ ನಿಂತ. ಮೊಹರು ಒಡೆದು, ಗೋಣಿ ಬಿಚ್ಚಿ, ಅಚ್ಚನ್ನು ಕಲ್ಲಿನ ಮೇಲೆ ಇಟ್ಟರು. ಎರಡು ತಿಂಗಳಲ್ಲಿ ಹಕ್ಕಿಯ ತಲೆಗೆಲ್ಲ ತುಕ್ಕು ಹತ್ತಿ ಸೀಸ ಕಾಣದಾಗಿತ್ತು.

ಮೊದಲ ಏಟಿಗೆ ಹಕ್ಕಿಯ ಕುತ್ತಿಗೆಯ ಬಳಿ ಬಿರುಕು ಬಿತ್ತು. ಎರಡನೆಯ ಏಟಿಗೆ ಎರಡು ಹೋಳಾಯಿತು. ಹೋಳಿನಿಂದ ಏನೋ ಸಿಡಿದು, ಮುರಕಲ್ಲಿನ ನೆಲದ ಮೇಲೆ ಉರುಳಿ, ನನ್ನ ಬಲಗಾಲಿನ ಬೂಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಕಾಳುಮೆಣಸಿಗಿಂತ ತುಸು ದೊಡ್ಡದು. ಒಂದು ಬದಿ ಬೂದು, ಒಂದು ಬದಿ ಹೊಳಪು.

"ಎಂತ ಬಿತ್ತ್?" ಎಂದರು ಸಣ್ಣ ಧಣಿ.

ಅರ್ಜಿ ಇನ್ನೂ ನನ್ನ ಚೀಲದಲ್ಲೇ ಇತ್ತು. ಎತ್ತಿ ಅವರ ಅಂಗೈಯಲ್ಲಿಟ್ಟಿದ್ದರೆ ಸಾಕಿತ್ತು. ಕಬ್ಬಿಣದ ಅಚ್ಚಿನ ಕಣ್ಣಿಗೆ ಸೀಸ ತಾನಾಗಿ ಬರುವುದಿಲ್ಲ ಎಂದು ಹಂಚಿನ ಕಾರ್ಖಾನೆಯವರಿಗೆ ವಿವರಿಸಬೇಕಾಗಿಲ್ಲ. ನಾನು ಬೂಟನ್ನು ಒಂದು ಗೇಣು ಮುಂದಿಟ್ಟೆ.

"ಕಬ್ಬಿಣದ ಚೂರು," ಎಂದೆ.

ತಲೆ ಎತ್ತಿದಾಗ ಮೇಸ್ತ್ರಿಯ ತಂಗಿ ನನ್ನ ಕಾಲನ್ನು ನೋಡುತ್ತಿದ್ದಳು. ಧಣಿಗಳು, ವಕೀಲರು, ಮೊಹರು ಇದ್ದ ಆ ಅಂಗಳದಲ್ಲಿ ಅವಳ ಮಾತನ್ನು ಯಾರು ಕೇಳುತ್ತಿದ್ದರು? ನನ್ನ ಹಿಂದೆ ಕೊಡೆ ಸ್ವಲ್ಪ ಅಲುಗಾಡಿತು. ಎಲ್ಲರೂ ನೆರಳಿಗೆ ಹೋಗುವವರೆಗೆ ನಾನು ಅಲ್ಲಿಯೇ ನಿಂತಿದ್ದೆ. ಆಮೇಲೆ ಬಗ್ಗಿ ಅದನ್ನು ಎತ್ತಿ ಕೋಟಿನ ಕಿಸೆಗೆ ಹಾಕಿಕೊಂಡೆ.

ರಾಜಿ ದಾಖಲಾಯಿತು. ಮಾರ್ಕಿನ ರಕ್ಷಣೆಗೆ ಎಲ್ಲರೂ ಮಾಡುವಂತೆ ಒಂದು ಎಚ್ಚರಿಕೆ ನೋಟೀಸು ಅಚ್ಚುಹಾಕಿಸಿದೆವು: ಬೆಳ್ಳಕ್ಕಿ ಮಾರ್ಕು ನಮ್ಮದು, ಅನುಮತಿಯಿಲ್ಲದೆ ಬಳಸಿದ್ದನ್ನು ಇಂಥವರು ಒಪ್ಪಿಕೊಂಡಿದ್ದಾರೆ ಎಂದು ಮೇಸ್ತ್ರಿಯ ಹೆಸರು, ಊರು. ಕರಡು ನನ್ನದೇ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಂಚಿನ ಅಂಗಡಿಗಳಲ್ಲಿ, ಬಸ್ಸು ನಿಲ್ಲುವ ಕಡೆಗಳಲ್ಲಿ ಅಂಟಿಸಿದರು. ಬೇರೆ ಕಾರ್ಖಾನೆಗಳಲ್ಲಿ ಮೇಸ್ತ್ರಿ ಅಚ್ಚಿನ ಕೆಲಸ ಕೇಳಿದ. ಯಾರೂ ಅಚ್ಚುಗಳಿದ್ದ ಕೋಣೆಯೊಳಗೆ ಅವನನ್ನು ಬಿಡಲಿಲ್ಲ.

ಮಳೆಗಾಲದ ಮೊದಲು ಒಮ್ಮೆ ಬಂದ. ನೋಟೀಸನ್ನು ಗೋಡೆಯಿಂದ ಹರಿಯದಂತೆ ಬಿಡಿಸಿ ತಂದಿದ್ದ. ಮೇಜಿನ ಮೇಲೆ ಹರಡಿದ.

"ಯಾರೂ ಓದುದಿಲ್ಲೆ ಅಂದಿದ್ರಿ."

ನಾನು ಕುರ್ಚಿ ತೋರಿಸಿದೆ.

"ಜಗಳಕ್ಕ್ ಬಂದದ್ದಲ್ಲ, ವಕೀಲ್ರೆ. ಒಂದ್ ಕೇಂಬುಕ್ ಬಂದೆ. ಆ ದಿನ ನನ್ನ ಗೂಡಂಗೆ ಆ ಸೀಸ ನೀವ್ ಕಂಡಿದ್ರಿ ಅಲ್ದಾ?"

"ರಾಜಿಯಾಯಿತಲ್ಲ, ಮೇಸ್ತ್ರಿ," ಎಂದೆ.

"ಹೌದ್, ಆಯ್ತ್," ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಯ್ದ. ಆಮೇಲಿನ ವರ್ಷಗಳಲ್ಲಿ ಕೊಲ್ಲೂರಿನ ವಸತಿಗೃಹಗಳ ಮಾಡು ಹತ್ತಿ ಒಡೆದ ಹಂಚು ಬದಲಿಸುವ ಕೆಲಸ ಮಾಡುತ್ತಿದ್ದನೆಂದು ಕೇಳಿದೆ. ಒಮ್ಮೆ ಅಲ್ಲಿಗೆ ಹೋಗಿದ್ದಾಗ ಒಂದು ಮಾಡಿನ ಮೇಲೆ ಒಬ್ಬ ಮುದುಕ ಕುಳಿತದ್ದನ್ನು ಕಂಡು, ಅವನೇ ಹೌದೋ ಅಲ್ಲವೋ ಎಂದು ನೋಡದೆ ಬೇರೆ ಬೀದಿಯಿಂದ ಹೋದೆ.

ನೋಂದಣಿಯನ್ನು ಏಳು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಕಾಗದಗಳು 1967ರಲ್ಲಿ ನನ್ನ ಮೇಜಿಗೆ ಬಂದವು. ಮತ್ತೊಂದು ಅವಕಾಶ. ನಾನು ಕಡತವನ್ನು ಮಂಗಳೂರಿನ ಒಬ್ಬ ವಕೀಲರಿಗೆ ಒಪ್ಪಿಸಿ, ಕಾರಣ ಕೇಳಿದ ಸಣ್ಣ ಧಣಿಗೆ ಕಣ್ಣಿನ ತೊಂದರೆ ಎಂದು ಹೇಳಿದೆ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂತು. ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಯಡ್ತರೆಗೆ ಹೋದೆ. ಅವನ ತಂಗಿ ಜಗಲಿಯಲ್ಲಿ ಹೆಡಗೆ ಹೆಣೆಯುತ್ತಿದ್ದಳು. ಎದ್ದು ನಿಲ್ಲಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮೊದಲು ಬೂಟನ್ನು ನೋಡಿದಳು.

"ಕಾಲ್ ಎತ್ತಿದ್ರ್ಯಾ, ವಕೀಲ್ರೆ?" ಎಂದಳು.

ಕಿಸೆಯಿಂದ ಸೀಸ ತೆಗೆದು ಚಾಚಿದೆ. ಅವಳು ಕೈ ಒಡ್ಡಲಿಲ್ಲ. "ನಂಗೆಂತಕ್ಕೆ ಅದ್? ನಂಗ್ ಗೊತ್ತಿತ್ತಲೆ. ಗೊತ್ತಿಲ್ದಿದ್ದವ್ರಿಗ್ ಕೊಡಿ."

ಸಣ್ಣ ಬಟ್ಟೆಯ ಚೀಲದಲ್ಲಿಟ್ಟು, ಈ ಬರಹದ ಒಂದು ಪ್ರತಿಯ ಜೊತೆ, ಅದನ್ನು ಸಣ್ಣ ಧಣಿಗೆ ಕಳಿಸಿದ್ದೇನೆ. ಪ್ರಮಾಣಪತ್ರ ಸುಳ್ಳು ಎಂದೂ, ಅದನ್ನು ಸುಳ್ಳು ಮಾಡಿದವನು ನಾನು, ಅವರ ತಂದೆಯಲ್ಲ ಎಂದೂ ಬರೆದಿದ್ದೇನೆ. ಉತ್ತರ ಬಂದಿಲ್ಲ.

ನನ್ನ ಮಾತನ್ನು ಮಾತ್ರ ನಂಬಬೇಕಾಗಿಲ್ಲ. ಕಮಿಷನರು ಆ ಶನಿವಾರ ಅಲ್ಲಿರಲಿಲ್ಲ. ಗೂಡಿನಲ್ಲಿ ಸೀಸ ಕಂಡಿದ್ದರು, ಈಗ ಅವರಿಲ್ಲ. ಮೇಸ್ತ್ರಿ ಹೊಳೆಯ ಕಡೆ ತಿರುಗಿದ್ದ. ಕಲ್ಲಿನ ಆಚೆಗಿದ್ದ ಸಣ್ಣ ಧಣಿಗೆ ಸದ್ದಷ್ಟೇ ಕೇಳಿತ್ತು. ಕಮ್ಮಾರ ಮೂರನೆಯ ಏಟಿಗೆ ಸುತ್ತಿಗೆ ಎತ್ತುತ್ತಿದ್ದ. ಅದು ಬಿದ್ದದ್ದನ್ನೂ ನಾನು ಕಾಲಿಟ್ಟದ್ದನ್ನೂ ನನ್ನ ಹೊರತು ಕಂಡವರು ಇಬ್ಬರು. ಒಬ್ಬ ನನ್ನ ಹಿಂದೆ ಕೊಡೆ ಹಿಡಿದಿದ್ದ ಗುಮಾಸ್ತ. ಆ ವರ್ಷವೇ ಕೆಲಸ ಬಿಟ್ಟು ಈಗ ಬ್ರಹ್ಮಾವರದಲ್ಲಿ ಮಗಳ ಮನೆಯಲ್ಲಿದ್ದಾನೆ. ಇನ್ನೊಬ್ಬಳು ಮೇಸ್ತ್ರಿಯ ತಂಗಿ. ಯಡ್ತರೆಯಲ್ಲಿ, ಗದ್ದೆಯಂಚಿನ ಕೊನೆಯ ಮನೆ, ಅಣ್ಣನೇ ಸುಟ್ಟ ಹಂಚು ಹೊದೆಸಿದ್ದು. ಒಳಗೆ ಹೋಗಿ ಮೇಲೆ ನೋಡಿದರೆ ಯಾವ ಹಕ್ಕಿಗೂ ಕಣ್ಣಿಲ್ಲ. ಇಬ್ಬರೂ ಬದುಕಿದ್ದಾರೆ.